ತಾಸು ಎಣಸೂ ಡಾಕ್ಟರ್ ಸಾಹೇಬ್ರಿಗೆ

ಬರ್ರಿ, ಕೂಡ್ರಿ. ಚಾ ಹೇಳ್ಲ್ಯಾ? ಮಾರಿ ಯಾಕ ಬಾಡೈತಿ ಅಂತ ನಾನ ಹೇಳ್ತೀನಿ, ನೀವು ಸುಮ್ಮನ ಗೋಣ ಹಾಕ್ರಿ. ಮಗಾ ಮೊಬೈಲ್ ಬಿಡವಲ್ಲ. ಗೇಮಿನ ಹುಚ್ಚು ಹಿಡದೈತಿ. ಹೌದಲ್ಲೋ? (ನಮ್ಮ ಮಹಾಲಿಂಗಪುರದಾಗ ಮಾರಿ ಬಾಡಿಸಿಕೊಂಡು ಬಂದವರಿಗೆ ಎರಡ ಕಾರಣ. ಒಂದೋ ಬೆಲ್ಲದ ರೇಟ್ ಬಿದ್ದಿರಬೇಕು, ಇಲ್ಲಾ ಮನ್ಯಾಗ ಹುಡುಗ ಫ್ರೀ ಫೈರ್ ಹಚ್ಚಿರಬೇಕು.)

ನೀವು ಭಾಳ ಶಾಣ್ಯಾ ಮಂದಿ. ಬರೂಮುಂದ ರೋಗಾನೂ ಕಂಡ ಹಿಡಕೊಂಡ ಬಂದೀರಿ. ನಾಡಿ ಹಿಡಿಲಿಲ್ಲ, ನಾಲಗಿ ತಗಿ ಅನ್ನಲಿಲ್ಲ, ಪಡಸಾಲ್ಯಾಗ ನಿಂತು ಹುಡುಗನ ಬೆನ್ನು ನೋಡಿ "ಅಡಿಕ್ಷನ್" ಅಂತ ಚೀಟಿ ಬರದ್ರಿ. ಔಷಧಾನೂ ನಿಮ್ಮದ: ಒಂದು ಬೈಗಳಾ ಮುಂಜಾನೆ, ಒಂದು ಬೈಗಳಾ ರಾತ್ರಿ, ಊಟಾದ ಮ್ಯಾಲ. ಆರಾಮ ಆತೇನು? ಇಲ್ಲ.

ಹೆಂಗ ಗೊತ್ತಾತ್ರಿ ರೋಗಾ ಅಂತ ಕೇಳಿದ್ರ ನಿಮ್ಮ ಹಂತ್ಯಾಕ ಇರೂದು ಒಂದ ಮಾಪು. "ದಿನಾ ನಾಕ ತಾಸು ಆಡ್ತಾನ್ರಿ!" ಮುಗೀತು. ಗ್ವಾಡಿ ಮ್ಯಾಲಿನ ಗಡಿಯಾರ ನೋಡಿ ರೋಗಾ ಹೇಳೂ ಡಾಕ್ಟರ್ ನೀವು.

ಹಂಗಾರ ಒಂದು ಕೇಳ್ಲೇನು? ಐಪಿಎಲ್ ಸುರು ಆದ್ರ ಸಂಜಿಮುಂದ ಟಿವಿ ಮುಂದ ಕುಂತವರು ನೀವು ಏಳೂದು ಯಾವಾಗ? ನಡುವ ಯಾರರ ಬಂದು "ಸಂತಿಗೆ ಹೋಗ್ಬರ್ರಿ" ಅಂದ್ರ ಅವರ ಗತಿ ಏನು? ಅಕ್ಕಾರ, ನೀವು ನಗಬ್ಯಾಡ್ರಿ. ನಿಮ್ಮ ಸೀರಿಯಲ್ ಹೊತ್ತಿನ್ಯಾಗ ಅನ್ನಾ ಹೊತ್ತಿದ ವಾಸನಿ ಬಾಜೂ ಮನಿಗೆ ಮುಟ್ಟಿದ ಮ್ಯಾಲ ನಿಮ್ಮ ಮೂಗಿಗೆ ಬರ್ತೈತಿ. ಅದಕ್ಕ ಯಾರೂ ಚೀಟಿ ಬರಿಲಿಲ್ಲ ಯಾಕ?

ಈಗ ಖರೇ ಡಾಕ್ಟರು ಏನಂತಾರ ನೋಡೂನು. ಜಗತ್ತಿನ ರೋಗಗಳಿಗೆಲ್ಲಾ ಒಂದು ಖಾತೆ ಪುಸ್ತಕ ಐತಿ, ಐಸಿಡಿ ಅಂತಾರ, ವಿಶ್ವ ಆರೋಗ್ಯ ಸಂಸ್ಥೆ ಇಟ್ಟದ್ದು. ಅದರ ಹನ್ನೊಂದನೇ ಆವೃತ್ತಿಗೆ 2019 ರ ಮೇ ತಿಂಗಳದಾಗ ಜಿನೀವಾದಾಗ ದೇಶಗಳೆಲ್ಲಾ ಕೂಡಿ ಒಪ್ಪಿಗಿ ಕೊಟ್ಟವು. 2022 ರ ಜನೆವರಿ 1 ರಿಂದ ಜಾರಿಗೆ ಬಂತು. ಅದರಾಗ 6ಸಿ51 ಅನ್ನೂ ನಂಬರ್ ಮುಂದ ಬರದಾರ: ಗೇಮಿಂಗ್ ಡಿಸಾರ್ಡರ್. (ನಿಮ್ಮ ಮಗನ ರೋಗಕ್ಕ ನಂಬರ್ ಸೈತ ಐತಿ ಅಂತ ಎದಿ ಉಬ್ಬಿಸಬ್ಯಾಡ್ರಿ. ಮುಂದ ಕೇಳ್ರಿ.)

ಆ ನಂಬರ್ ಮುಂದ ಬರದದ್ದನ್ನ ಮ್ಯಾಲಿಂದ ಕೆಳಗ ಓದ್ರಿ, ಕೆಳಗಿಂದ ಮ್ಯಾಲ ಓದ್ರಿ. ಇಷ್ಟು ತಾಸು ಆಡಿದ್ರ ರೋಗಾ ಅನ್ನೂ ಮಾತ ಇಲ್ಲ! ನಾಕು ಇಲ್ಲ, ಎಂಟು ಇಲ್ಲ. ನೀವು ಗಡಿಯಾರ ನೋಡಿ ಎಣಿಸಿದ ಲೆಕ್ಕಾ ಎಲ್ಲಾ ಹೊಳಿಯಾಗ ಹೋತು.

ಅವರು ಕೇಳೂದು ಬ್ಯಾರೆ. ಯಾವಾಗ ಸುರು ಮಾಡಬೇಕು, ಯಾವಾಗ ನಿಂದರಸಬೇಕು ಅನ್ನೂ ಲಗಾಮು ಹುಡುಗನ ಕೈ ತಪ್ಪೇತೇನು? ಊಟಾ, ನಿದ್ದಿ, ಸಾಲಿ, ದೋಸ್ತರು ಎಲ್ಲಾ ಹಿಂದ ಸರದು ಗೇಮ್ ಒಂದ ಮುಂದ ಬಂದು ಕುಂತೈತೇನು? ಬದುಕು ಹಾಳಾಗಾಕತ್ತೇತಿ ಅಂತ ಕಣ್ಣಿಗೆ ಕಂಡ್ರೂ ಬಿಡವಲ್ಲೇನು? ಈ ಮೂರೂ ಇರಬೇಕು.

ಅದೂ ಅಮಾಸಿಗೊಮ್ಮೆ ಹುಣ್ಣಿವಿಗೊಮ್ಮೆ ಅಲ್ಲ. ಸಾಮಾನ್ಯವಾಗಿ ಒಂದು ವರ್ಷ ಹಂಗ ನಡದಿರಬೇಕು. (ಲಕ್ಷಣ ಭಾಳ ಜೋರಿದ್ರ ವರ್ಷ ಕಾಯಬೇಕಂತಿಲ್ಲ.) ಮ್ಯಾಲ ಮನಿ, ಸಾಲಿ, ಕೆಲಸಾ, ಇಂಥಾದ್ರಾಗ ದೊಡ್ಡ ಪೆಟ್ಟು ಬಿದ್ದಿರಬೇಕು. ನೀವು ಹೋದ ವಾರ ಕಂಡು ಈ ವಾರ ಚೀಟಿ ಬರದೀರಿ.

ಗಾಣದ ಮನಿ ಕಂಡವರಿಗೆ ಇದನ್ನ ಬಿಡಿಸಿ ಹೇಳಬೇಕೇನು? ಕೊಪ್ಪರಿಗ್ಯಾಗ ಕಬ್ಬಿನ ಹಾಲು ಕುದಿಯೂಮುಂದ ಬೆಲ್ಲಾ ಮಾಡೂ ಮುದುಕ ಗಡಿಯಾರ ನೋಡ್ತಾನೇನು? ಒಂದೀಟು ಪಾಕ ತಗದು ತಣ್ಣೀರಿನ್ಯಾಗ ಬಿಡ್ತಾನ. ಎರಡು ಬೆರಳಿನ್ಯಾಗ ಹಿಡದು ಹೊಳ್ಳಿಸಿ ನೋಡ್ತಾನ. ಉಂಡಿ ಕಟ್ಟಿತು, ಇಳಸ್ರೋ. ಕಟ್ಟಲಿಲ್ಲ, ಇನ್ನೊಂದೀಟು ಕುದಿಲಿ. ನಿನ್ನಿ ಕೊಪ್ಪರಿಗಿ ಇಳದ ಹೊತ್ತಿಗೆ ಇವತ್ತಿಂದು ಇಳಿಬೇಕು ಅನ್ನೂ ಕಾಯ್ದೆ ಇಲ್ಲ. ಡಾಕ್ಟರೂ ಹದಾ ನೋಡಾವ್ರ. ಗಡಿಯಾರ ನೋಡಾವ್ರು ನೀವೊಬ್ಬರ.

ಅಂದ್ರ ದಿನಾ ಐದು ತಾಸು ಆಡಿ, ಪರೀಕ್ಷಾ ಪಾಸಾಗಿ, ಹೊತ್ತಿಗೆ ಉಂಡು, ರಾತ್ರಿ ಮಲಗೂ ಹುಡುಗ ರೋಗಿ ಅಲ್ಲ. (ಉಡಾಳ ಇರಬಹುದು. ಉಡಾಳರಿಗೆ ಐಸಿಡಿಯೊಳಗ ನಂಬರ್ ಇಲ್ಲ.) ಎರಡ ತಾಸು ಆಡಿದ್ರೂ ಅದರ ಸಲುವಾಗಿ ಸಾಲಿ ಬಿಟ್ಟವಗ ನಂಬರ್ ಸಿಗಬಹುದು. ನಡುವಿನವರಿಗೆ ಅಂತ ಒಂದು ಬ್ಯಾರೆ ಖಾನೆ ಇಟ್ಟಾರ, ಹಜಾರ್ಡಸ್ ಗೇಮಿಂಗ್ ಅಂತ. ರೋಗಾ ಇನ್ನೂ ಅಲ್ಲ, ಆದ್ರ ಹಿಂಗ ನಡದ್ರ ಪೆಟ್ಟು ಬೀಳೂದೈತಿ ಅನ್ನಾವ್ರು ಅಲ್ಲಿ.

ಈ ರೋಗಾ ಹುಟ್ಟಿದ ಕತಿ ಗೊತ್ತೇನ್ರಿ? 1995 ರಾಗ ನ್ಯೂಯಾರ್ಕಿನ ಇವಾನ್ ಗೋಲ್ಡ್‌ಬರ್ಗ್ ಅನ್ನೂ ಮನೋವೈದ್ಯರಿಗೆ ತಮ್ಮ ದೇಶದ ಮನೋರೋಗದ ದಪ್ಪ ಪುಸ್ತಕ ಡಿಎಸ್‌ಎಂ ಮ್ಯಾಲ ಚಾಷ್ಟಿ ಮಾಡಬೇಕು ಅನ್ನಿಸ್ತು. ಅದರ ಭಾಷಾದಾಗ ಒಂದು ಸುಳ್ಳ ರೋಗಾ ಹೊಸದರು: 'ಇಂಟರ್‌ನೆಟ್ ಅಡಿಕ್ಷನ್ ಡಿಸಾರ್ಡರ್'. ಲಕ್ಷಣ ಏನಂದ್ರ ಸುಮ್ಮ ಕುಂತಾಗೂ ಬೆರಳು ಟೈಪ್ ಮಾಡಿದಂಗ ಅಲ್ಲಾಡೂದು, ಕನಸಿನ್ಯಾಗೂ ಇಂಟರ್‌ನೆಟ್ ಬರೂದು.

ಚಾಷ್ಟಿಗೆ ಬರದ್ರ ಮಂದಿ ಏನ್ ಮಾಡಬೇಕು? "ಡಾಕ್ಟ್ರ, ನನಗ ಇದ ಆಗೇತ್ರಿ" ಅಂತ ಅವರಿಗೇ ಬರಿಯಾಕ ಹತ್ತಿದ್ರು! (ನೀವು ಅಲ್ಲಿದ್ರ ಮೊದಲನೇ ಪತ್ರ ನಿಮ್ಮದ. ಪೇಪರಿನ್ಯಾಗ 'ಸಕ್ಕರಿ ಕಾಯಿಲೆ ಲಕ್ಷಣ' ಅಂತ ಓದಿ ಮುಗಸೂದ್ರಾಗ ನೀರಡಿಕಿ ಆಗೂ ಮಂದಿ ಅಲ್ಲೇನು ನೀವು?)

ಮರುವರ್ಷ, 1996 ರಾಗ, ಕಿಂಬರ್ಲಿ ಯಂಗ್ ಅನ್ನೂ ಅಮೆರಿಕಾದ ಮನಶ್ಶಾಸ್ತ್ರಜ್ಞೆ ಚಾಷ್ಟಿ ಬಿಟ್ಟು ಖರೇನ ಇದನ್ನ ಕೈಗೆ ತಗೊಂಡ್ರು. ರೋಗಾ ಅಳಿಯಾಕ ಪ್ರಶ್ನಿ ಬೇಕಲ್ಲ, ಎಲ್ಲಿಂದ ತಂದಿರಬೇಕು ಹೇಳ್ರಿ ನೋಡೂನು? ಜೂಜುಕೋರರಿಗೆ ಕೇಳೂ ಪ್ರಶ್ನಿ ತಗೊಂಡು, ಜೂಜು ಇದ್ದಲ್ಲಿ ಇಂಟರ್‌ನೆಟ್ ಅಂತ ಬರದು, ಎಂಟು ಪ್ರಶ್ನಿ ಮಾಡಿದ್ರು. ಮೂಲದಾಗ ಇವು ಹುಡುಗ್ರಿಗೆ ಮಾಡಿದ ಪ್ರಶ್ನಿ ಅಲ್ರಿ. ಇಸ್ಪೀಟ್ ಮಂದಿಗೆ ಮಾಡಿದ್ದು. ಯಾಕ, ಕೆಮ್ಮು ಬಂತೇನು? ನೀರು ಕುಡೀರಿ.

2013 ರ ಮೇ ತಿಂಗಳದಾಗ ಡಿಎಸ್‌ಎಂ ಐದನೇ ಆವೃತ್ತಿ ಬಂತು. ಅದರಾಗ 'ಇಂಟರ್‌ನೆಟ್ ಗೇಮಿಂಗ್ ಡಿಸಾರ್ಡರ್' ಅಂತ ಒಂಬತ್ತು ಪ್ರಶ್ನಿ. ಒಂದು ವರ್ಷದಾಗ ಐದಕ್ಕ 'ಹೌದು' ಬಂದ್ರ ಸಿಕ್ಕಂಗ. ಆದ್ರ ಇದನ್ನ ಪಕ್ಕಾ ರೋಗಾ ಅನ್ನಲಿಲ್ಲ, ಇನ್ನೂ ಅಧ್ಯಯನ ಆಗಬೇಕು ಅಂತ ಹಿಂದಿನ ಮೂರನೇ ಭಾಗದಾಗ, ವೇಟಿಂಗ್ ಲಿಸ್ಟಿನ್ಯಾಗ ಹಾಕಿದ್ರು. (ವೇಟಿಂಗ್ ಲಿಸ್ಟ್ ಏನು ಅಂತ ನಮ್ಮೂರವರಿಗೆ ಹೇಳಬೇಕೇನು? ಮೊದಲ ಮುಧೋಳ ತಾಲೂಕು, ಆಮ್ಯಾಲ ರಬಕವಿ-ಬನಹಟ್ಟಿ ತಾಲೂಕು, ನಮ್ಮೂರ ತಾಲೂಕು ಯಾವಾಗ ಅಂತ ಧರಣಿ ಕುಂತವರು ನಾವು.)

ಅದ ಪುಸ್ತಕದಾಗ ನಿಮಗೂ ಒಂದು ಸುದ್ದಿ ಐತಿ. ಚಾ, ಕಾಫಿ ಒಮ್ಮಿಗೇ ಬಿಟ್ಟಾಗ ತಲಿಬ್ಯಾನಿ ಬಂದು ಸಿಡಿಸಿಡಿ ಆಗೂದೈತಲ್ಲ, ಅದು ವೇಟಿಂಗ್ ಲಿಸ್ಟಿನ್ಯಾಗ ಇಲ್ಲ. ಪೂರ್ತಿ ಮಾನ್ಯತೆ ಸಿಕ್ಕ ಪಕ್ಕಾ ಕಾಯಿಲೆ! ಹುಡುಗನ ಗೇಮು ಹೊರಗ, ನಿಮ್ಮ ಚಾ ಒಳಗ. (ಕಪ್ಪು ಕೆಳಗ ಯಾಕ ಇಟ್ರಿ? ಕುಡೀರಿ, ಕುಡೀರಿ. ನಾ ಯಾರಿಗೂ ಹೇಳಂಗಿಲ್ಲ.)

ಬರ್ರಿ, ಗೇಮಿನ ಆ ಒಂಬತ್ತು ಪ್ರಶ್ನಿಯೊಳಗ ಒಂದೀಟು ಕೇಳಿ ಬಿಡೂನು. ಹುಡುಗಗಲ್ಲ, ನಿಮಗ. ಗೇಮ್ ಅನ್ನೂ ಕಡೆ ನಿಮ್ಮದೇನೈತಿ ಅದನ್ನ ಹಾಕೊಳ್ರಿ. ಇಸ್ಪೀಟು, ರೀಲ್ಸು, ವಾಟ್ಸಾಪು, ಎಲೆಕ್ಷನ್ನು, ಏನರ ಇರಲಿ. ಮನಿಯವರು ಇಲ್ಲಿಲ್ಲ, ಖರೇ ಹೇಳ್ರಿ.

ಆಡದಿದ್ದಾಗೂ ತಲಿಯೊಳಗ ಅದ ತಿರಗತೈತೇನು? ಮೊನ್ನಿ ಅಂಗಡ್ಯಾಗ ಗಿರಾಕಿ ಬೆಲ್ಲದ ಪೆಂಟಿ ಎತ್ತಿ "ಎಷ್ಟ್ರಿ ಇದು?" ಅಂದ್ರ "ರಾಣಿ ಅವನ ಹಂತ್ಯಾಕ ಐತಿ" ಅಂದವರು ಯಾರು? (ಆ ಗಿರಾಕಿ ಇನ್ನೂ ನಿಮ್ಮ ಅಂಗಡಿ ಮುಂದ ಹಾಯಂಗಿಲ್ಲ.)

ಸಿಗದಿದ್ರ ಸಿಡುಕು ಬರ್ತೈತೇನು? ಕರೆಂಟ್ ಹೋಗಿ ವೈಫೈ ಬಂದಾದ ರಾತ್ರಿ ಎಷ್ಟು ಮಂದಿಗೆ ಬೈದ್ರಿ, ಎಷ್ಟು ಬಾಗಲಾ ಬಡದ್ರಿ, ಬಾಜೂ ಮನಿಯವರು ಲೆಕ್ಕಾ ಇಟ್ಟಾರ. ಮೊದಲಿನಷ್ಟು ಈಗ ಸಾಲವಲ್ಲದೇನು? "ಒಂದ ರೀಲ್ ನೋಡಿ ಮಲಗ್ತೀನಿ" ಅಂದದ್ದು ಹತ್ತು ಗಂಟೆಕ್ಕ. ನಸುಕಿನ್ಯಾಗ ಹಾಲಿನವ ಗಂಟಿ ಹೊಡದಾಗ, ಯಾವನೋ ಪಂಜಾಬದವ ಟ್ರ್ಯಾಕ್ಟರಿನ ಮುಂದಿನ ಗಾಲಿ ಎತ್ತೂದನ್ನ ನೀವು ಬಾಯಿ ತಗದು ನೋಡಾಕತ್ತಿದ್ರಿ.

ಬಿಡಬೇಕು ಅಂದ್ರೂ ಬಿಡಾಕ ಆಗವಲ್ಲದೇನು? ಯುಗಾದಿಗೆ ಬಿಟ್ಟಿದ್ರಿ. ಬಸವ ಜಯಂತಿಗೆ ಮತ್ತ ಬಿಟ್ಟಿದ್ರಿ. ಮುಂದಿಂದು ಕೇಳಂಗಿಲ್ಲ.

ಮನಿಮಂದಿಗೆ ಸುಳ್ಳು ಹೇಳ್ತೀರೇನು? ಈ ಪ್ರಶ್ನಿಗೆ ನೀವು ಉತ್ತರಾ ಕೊಡೂದ ಬ್ಯಾಡ, ನಿಮ್ಮ ಪಡಸಾಲ್ಯಾಗ ದಿನಾ ನಡಿಯೂ ನಾಟಕಾ ಐತಲ್ಲ. "ಯಾಕ್ರಿ ಇಷ್ಟೊತ್ತು?" "ಮಾರ್ಕೆಟ್ಟಿನ್ಯಾಗ ಲಿಲಾವು ತಡಾ ಆತು." "ಇವತ್ತು ಐತಾರ ಅಲ್ರಿ?" "...ನಾಳಿನ ಲಿಲಾವಿನ ಮಾತುಕತಿ ಇತ್ತು." ಅಕ್ಕಾರು ಏನೂ ಅನ್ನಂಗಿಲ್ಲ, ರೊಟ್ಟಿ ಬಡಿಯೂ ಸಪ್ಪಳಾ ಒಂದೀಟು ಜೋರ ಆಗತೈತಿ. ಆ ಸಪ್ಪಳಾ ಹುಡುಗಾನೂ ಕೇಳ್ತಾನ, ನೆನಪಿರಲಿ. "ಬರೇ ಹತ್ತು ಮಿನಿಟ್ ಆಡೀನಪ್ಪಾ" ಅನ್ನೂದನ್ನ ಅವ ಎಲ್ಲಿ ಕಲತ ಅಂತ ನೀವು ಕೇಳಬ್ಯಾಡ್ರಿ.

ಇನ್ನೊಂದು. ಬ್ಯಾಸರಾ, ಚಿಂತಿ ಮರಿಯಾಕ ಆಡ್ತೀರೇನು? ಇದಕ್ಕ 'ಇಲ್ಲ' ಅನ್ನಾವ ಯಾವನರ ಇದ್ರ ಕರಕೊಂಡ ಬರ್ರಿ, ಮಹಾಲಿಂಗೇಶ್ವರ ಗುಡಿ ಮುಂದ ಶಾಲು ಹೊಚ್ಚಿ ಸನ್ಮಾನ ಮಾಡೂನು. ಆಟಾ ಇರೂದ ಅದಕ್ಕಲ್ಲೇನ್ರಿ? ಬಾಕಿ ಬರಬೇಕಾದ ಕಬ್ಬಿನ ಬಿಲ್ಲು ನೆನಸಿಕೋತ ರಾತ್ರಿ ಪೂರಾ ಕುಂದ್ರಾಕ ಆಗತೈತೇನು?

ಐದು ಆದುವಲ್ಲೇನು? ಬೆರಳು ಮಡಚೂದು ನಿಂದರಸ್ರಿ, ನನಗ ಕಾಣ್ತೈತಿ. ಅಂಜಬ್ಯಾಡ್ರಿ, ನಿಮಗ ರೋಗಾ ಇಲ್ಲ. ನಿಮ್ಮಂಥಾವ್ರು ಸೈತ ಸಿಗಬೀಳೂವಂಗ ಆ ಪಟ್ಟಿ ಐತಿ, ಅಷ್ಟ. ಇದನ್ನ ನಾ ಹೇಳಿದ್ದಲ್ಲ. ಆಟದ ಮ್ಯಾಲ ಪ್ರೀತಿ ಇರೂದಕ್ಕೂ ಆಟಾ ಕುತಗಿ ಹಿಡಿಯೂದಕ್ಕೂ ಈ ಪ್ರಶ್ನಿಯೊಳಗ ಕೆಲವು ಫರಕ್ ಮಾಡಂಗಿಲ್ಲ ಅಂತ ಸಂಶೋಧಕರ ತಕರಾರು ಮೊದಲಿಂದ ಐತಿ.

ಐಸಿಡಿಯವರು ಅದಕ್ಕ ಪಟ್ಟಿ ಕಡಿಮಿ ಮಾಡಿದ್ರು. ಸಿಡುಕು, ಸುಳ್ಳು, ಬ್ಯಾಸರಾ ಕಳಿಯೂದು ಇವನ್ನ ಮುಖ್ಯ ಲಕ್ಷಣದಾಗ ಹಿಡಿಲಿಲ್ಲ, ಮೂರ ಇಟ್ಟರು. ಅದನ್ನೂ ಎಲ್ಲಾರೂ ಒಪ್ಪಲಿಲ್ಲ. ನಾರ್ವೆ ಮೂಲದ ಎಸ್ಪೆನ್ ಆರ್ಸೆತ್ ಮುಂದಾಗಿ ಹಲವಾರು ದೇಶದ ಸಂಶೋಧಕರು ಕೂಡಿ 2017 ರಾಗ ಬಹಿರಂಗ ಚರ್ಚಾ ಲೇಖನ ಬರದ್ರು: ಅವಸರಾ ಮಾಡಬ್ಯಾಡ್ರಿ, ಆರಾಮ ಇರೂ ಹುಡುಗ್ರಿಗೂ ರೋಗದ ಹಣಿಪಟ್ಟಿ ಅಂಟತೈತಿ, ಅವ್ವಾ-ಅಪ್ಪಾ ಸುಳ್ಳ ಗಾಬರಿ ಆಗ್ತಾರ. (ಯಾವ ಅವ್ವಾ-ಅಪ್ಪಾ ಅಂತ ನಾ ಕೇಳಲಿಲ್ಲ.)

ಅದ ವರ್ಷ ಆಕ್ಸ್‌ಫರ್ಡಿನ ಆಂಡ್ರ್ಯೂ ಪ್ರಿಬಿಲ್‌ಸ್ಕಿ ಮತ್ತ ಜೊತಿಗಾರರು ನಾಕು ದೇಶದ ಸಾವಿರಾರು ಮಂದಿಗೆ ಆ ಒಂಬತ್ತು ಪ್ರಶ್ನಿ ಕೇಳಿದ್ರು. ರೋಗಾ ಅನ್ನಬಹುದಾದವರು ನೂರಕ್ಕ ಒಬ್ಬರೋ, ಅದಕ್ಕಿಂತ ಕಡಿಮೀನೋ. ಬ್ಯಾರೆ ಅಧ್ಯಯನದಾಗ ಲೆಕ್ಕಾ ಹೆಚ್ಚೂ ಬಂದೈತಿ, ಅಳಿಯೂ ಮಾಪು ಬದಲಾದಂಗ ಲೆಕ್ಕಾ ಬದಲಾಗತೈತಿ. ಆದ್ರ ನಿಮ್ಮ ಓಣ್ಯಾಗ ಕೇಳಿದ್ರ ನೂರಕ್ಕ ನೂರು! ಇಡೀ ಓಣಿ ಹುಡುಗ್ರಿಗೆ ರೋಗಾ ಐತಂತ, ಅವರವರ ಅಪ್ಪಂದಿರ ಹೇಳ್ತಾರ.

ಹಂಗ ನೋಡಿದ್ರ ದೊಡ್ಡವರೂ ಬಣ್ಣಾ ಬದಲಿಸ್ಯಾರ್ರಿ. 2019 ರಾಗ ರೋಗದ ಪುಸ್ತಕದಾಗ ಸೇರಿಸಿದ ವಿಶ್ವ ಆರೋಗ್ಯ ಸಂಸ್ಥೇನ 2020 ರ ಮಾರ್ಚದಾಗ ಲಾಕ್‌ಡೌನ್ ಬಂದಾಗ ಗೇಮ್ ಕಂಪನಿಗಳ ಪ್ರಚಾರಕ್ಕ ಬೆನ್ನು ತಟ್ಟಿತು. ಹೊರಗ ಹೋಗಬ್ಯಾಡ್ರಿ, ದೂರ ದೂರ ಕುಂತು ಕೂಡಿ ಆಡ್ರಿ ಅಂತ. ವರ್ಷ ಪೂರಾ ಆಗಿರಲಿಲ್ಲ.

ಅದ 2020 ರಾಗ ನೀವೇನು ಮಾಡಿದ್ರಿ, ನೆನಪೈತೇನು? "ಆನ್‌ಲೈನ್ ಕ್ಲಾಸ್ ಐತಂತ, ಫೋನ್ ಬೇಕಂತ" ಅಂತ ಮುಧೋಳಕ್ಕೋ ಜಮಖಂಡಿಗೋ ಹೋಗಿ ಹೊಸಾ ಮೊಬೈಲ್ ತಂದು, ಅರಿಷಿಣ ಕುಂಕುಮ ಹಚ್ಚಿ, ಹುಡುಗನ ಕೈಯಾಗ ಇಟ್ಟು "ಇಂಜಿನಿಯರ್ ಆಗಪಾ" ಅಂದವರು ಯಾರು? ನೀವು ಪೂಜಿ ಮಾಡಿ ಕೊಟ್ಟದ್ದನ್ನ ಅವ ಭಕ್ತಿಯಿಂದ ಇಟಗೊಂಡಾನ.

ತಾಸು ಎಣಸೂದು ನೀವೊಬ್ಬರ ಅಲ್ಲ ಅನ್ನೂದಷ್ಟ ಸಮಾಧಾನ. ಸರಕಾರಗಳೂ ಗಡಿಯಾರ ಹಿಡದು ನಿಂತಿದ್ದವು. ದಕ್ಷಿಣ ಕೊರಿಯಾದವರು 2011 ರಾಗ ಕಾಯ್ದೆ ಮಾಡಿದ್ರು: ಹದಿನಾರು ವರ್ಷದೊಳಗಿನವರು ರಾತ್ರಿ ಹನ್ನೆರಡರಿಂದ ಮುಂಜಾನೆ ಆರರತನಕ ಆನ್‌ಲೈನ್ ಗೇಮ್ ಆಡಂಗಿಲ್ಲ. ಹುಡುಗ್ರು ಅವ್ವಾ-ಅಪ್ಪನ ಗುರುತಿನ ನಂಬರ್ ಹಾಕಿ ಆಡಿದ್ರು. (ಅಲ್ಲೇ ದಾರಿ ಸಿಕ್ಕತಂದ್ರ ನಮ್ಮೂರಾಗ ಸಿಗದಿರತೈತೇನು?) ಹತ್ತು ವರ್ಷ ನಡಿಸಿ, 2022 ರ ಸುರುವಿಗೆ ಕಾಯ್ದೆ ತಗದ ಹಾಕಿದ್ರು. ಚೀನಾದವರು 2021 ರಾಗ ಇನ್ನೂ ಬಿಗಿ ಮಾಡಿದ್ರು: ಹದಿನೆಂಟರೊಳಗಿನವರಿಗೆ ಶುಕ್ರವಾರ, ಶನಿವಾರ, ಐತಾರ, ಹಬ್ಬ, ಇಷ್ಟ ದಿನಾ, ಅದೂ ರಾತ್ರಿ ಎಂಟರಿಂದ ಒಂಬತ್ತು. ನಿಮಗ ಈ ಕಾಯ್ದೆ ಭಾಳ ಸೇರಿರಬೇಕಲ್ಲ? ದೊಡ್ಡವರಿಗೂ ಹಚ್ಚಿದ್ರ ಏನ್ ಮಾಡ್ತೀರಿ?

ನಮ್ಮ ದೇಶದಾಗ ಪಬ್‌ಜಿ ಬಂದ್ ಆದ ದಿನ, 2020 ರ ಸೆಪ್ಟೆಂಬರ್ 2, ನೀವು ಓಣಿಗೆಲ್ಲಾ ಪೇಢೆ ಹಂಚೂದೊಂದು ಬಾಕಿ ಇತ್ತು. "ನೋಡಪಾ, ಸರಕಾರಾನ ರೋಗಾ ಅಂದೈತಿ!" ಇಲ್ರಿ ಸಾಹೇಬ್ರ. ಅವತ್ತು 118 ಆ್ಯಪ್ ಬಂದ್ ಆದುವು, ಕಾರಣ ದೇಶದ ಭದ್ರತೆ, ಡೇಟಾ. ಹುಡುಗನ ಪರೀಕ್ಷಾ ಮಾರ್ಕ್ಸ್ ಆ ಆದೇಶದಾಗ ಎಲ್ಲೂ ಇರಲಿಲ್ಲ. ಮರುವರ್ಷ ಅದ ಗೇಮು ಬಿಜಿಎಂಐ ಅಂತ ಹೊಸಾ ಹೆಸರಿಲೆ ಬಂತು, 2022 ರಾಗ ಹೋತು, 2023 ರಾಗ ಮತ್ತ ಬಂತು. ತವರಮನಿಗೆ ಹೋಗಿ ಬರೂ ಸೊಸಿ ಸೈತ ಇಷ್ಟು ಓಡಾಡಂಗಿಲ್ಲ.

ಇಲ್ಲೊಂದು ಗೊಂದಲಾ ಬಿಡಿಸಬೇಕು. ರೊಕ್ಕ ಹಚ್ಚಿ ಆಡೂದೂ ಗೇಮು, ಸುಮ್ಮ ಆಡೂದೂ ಗೇಮು ಅಂತ ನೀವು ಎರಡೂ ಒಂದ ಚೀಲದಾಗ ಹಾಕ್ತೀರಿ. ಐಸಿಡಿಯೊಳಗ ಅವು ಬ್ಯಾರೆ ಬ್ಯಾರೆ. ಜೂಜಿನ ರೋಗಾ 6ಸಿ50, ಗೇಮಿಂದು 6ಸಿ51. ಬಾಜೂ ಬಾಜೂ ಮನಿ ಖರೇ, ನಡುವ ಗ್ವಾಡಿ ಐತಿ.

ನಮ್ಮ ರಾಜ್ಯದಾಗ 2021 ರಾಗ ರೊಕ್ಕ ಹಚ್ಚಿ ಆಡೂ ಆನ್‌ಲೈನ್ ಆಟಕ್ಕ ನಿಷೇಧ ತಂದ್ರು. 2022 ರ ಫೆಬ್ರುವರಿ 14 ಕ್ಕ ಹೈಕೋರ್ಟ್ ಆ ಕಲಮುಗಳನ್ನ ತಗದ ಹಾಕಿತು. ಮಜಾ ಅಂದ್ರ ಅದ ದಿನಾ ಕೇಂದ್ರ ಸರಕಾರ 54 ಆ್ಯಪ್ ಬಂದ್ ಮಾಡಿದ ಸುದ್ದಿ ಬಂತು, ಅದರಾಗ ಹುಡುಗ್ರ ಫ್ರೀ ಫೈರೂ ಇತ್ತು. ಅಪ್ಪನ ರಮ್ಮಿ ಉಳೀತು, ಮಗನ ಬಂದೂಕು ಹೋತು! (ಮಗಾ ಮರುದಿನ ಫ್ರೀ ಫೈರ್ ಮ್ಯಾಕ್ಸ್ ಹಾಕೊಂಡ, ಆ ಮಾತು ಬ್ಯಾರೆ.)

ಆಮ್ಯಾಲ 2025 ರ ಆಗಸ್ಟದಾಗ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸ್ ಮಾಡಿತು. ರೊಕ್ಕ ಹಚ್ಚೂ ಆಟಕ್ಕ ನಿಷೇಧ, ಬರೇ ಆಟಕ್ಕ ಮತ್ತ ಇ-ಸ್ಪೋರ್ಟ್ಸಿಗೆ ಪ್ರೋತ್ಸಾಹ. ಆ ವಾರ ನಿಮ್ಮ ಮಾರಿ ಬಾಡಿತ್ತಲ್ಲ, ನಾ ಬೆಲ್ಲದ ರೇಟ್ ಬಿದ್ದೈತಿ ಅಂತ ತಿಳಕೊಂಡಿದ್ದೆ.

ನಕ್ಕಿದ್ದು ಸಾಕು. ಖರೇ ಹದಾ ಮೀರಿದ ಹುಡುಗ್ರು ಇಲ್ಲಾ ಅಂತ ನಾ ಅನ್ನೂದಿಲ್ಲ. ಅದಾರ. ಆದ್ರ ನೀವು ಹುಡುಕೂ ಕಡೆ ಇಲ್ಲ. ನಿಮ್ಮ ಕಟ್ಟಿ ಮ್ಯಾಲ ನಾಕ ಮಂದಿ ಕೂಡಿ "ಲೇ ರಿವೈವ್ ಮಾಡಲೇ, ಝೋನ್ ಬಂತಲೇ!" ಅಂತ ಒದರತಿರ್ತಾರಲ್ಲ, ಗಿರಮಿಟ್ ವಾಸನಿ ಬಂತಂದ್ರ ಫೋನ್ ಕಿಸೇಕ ಹಾಕಿ ಎದ್ದು ಓಡ್ತಾರಲ್ಲ, ಅವರನ್ನ ಬಿಡ್ರಿ. ಅವರಿಗೆ ಹಸಿವಿ ಐತಿ, ದೋಸ್ತರದಾರ.

ಹದಾ ಮೀರಿದವ ಒದರಂಗಿಲ್ಲ. ಹೋದ ವರ್ಷ ಸಾಲಿ ಕಬಡ್ಡಿ ಟೀಮಿನ್ಯಾಗ ಇದ್ದವ ಈಗ ಕರಿಯಾಕ ಬಂದ ದೋಸ್ತರಿಗೆ "ಇಲ್ಲಂತ ಹೇಳಬೇ" ಅಂತ ಅವ್ವಗ ಹೇಳ್ತಾನ. ತಾಟು ಬಾಗಲಾಗ ಇಟ್ಟು ಬರಬೇಕು. ಮುಂಜಾನೆ ನೋಡಿದ್ರ ರೊಟ್ಟಿ ಸೆಟದ ನಿಂತಿರ್ತಾವ, ಪಲ್ಯಾ ಮ್ಯಾಲ ಕೆನಿ ಕಟ್ಟಿರತೈತಿ. ಹಗಲು ಮಲಗ್ತಾನ, ರಾತ್ರಿ ಎಚ್ಚರ. ಗೆದ್ದರೂ ಮಾರಿ ಮ್ಯಾಲ ನಗಿ ಬರಂಗಿಲ್ಲ. ಆಡಿ ಆಡಿ ಬ್ಯಾಸರಾಗಿ ಕುಂತಾನ, ಆದ್ರೂ ಬೆರಳು ನಿಂದರವಲ್ಲವು. ಇದನ್ನ ನೀವು ನೋಡೀರೇನು? ನೀವು ಗಡಿಯಾರ ನೋಡಾಕತ್ತಿದ್ರಿ.

ಇಂಥಾ ಹುಡುಗ್ರ ಸಲುವಾಗಿ ಬೆಂಗಳೂರಿನ ನಿಮ್ಹಾನ್ಸಿನ್ಯಾಗ 2014 ರಾಗ ಒಂದು ಕ್ಲಿನಿಕ್ ತಗದಾರ, ಷಟ್ ಕ್ಲಿನಿಕ್ ಅಂತ. ನಮ್ಮ ದೇಶದಾಗ ಇಂಥಾದ್ರಾಗ ಮೊದಲಿಂದು. ಕ್ಲಿನಿಕಲ್ ಸೈಕಾಲಜಿಯ ಡಾ. ಮನೋಜ್ ಕುಮಾರ್ ಶರ್ಮಾ ಅದರ ಮುಂದಾಳು. ನೋಡ್ರಿ, ನಮ್ಮ ರಾಜ್ಯದಾಗ ಕ್ಲಿನಿಕ್ ಸುರು ಆಗಿ ಐದು ವರ್ಷ ಆದ ಮ್ಯಾಲ ಜಿನೀವಾದವರು ಒಪ್ಪಿಗಿ ಕೊಟ್ಟದ್ದು. ಪುಸ್ತಕದಾಗ ನಂಬರ್ ಬರಲಿ ಅಂತ ಹುಡುಗ್ರು ಕಾಯಲಿಲ್ಲ.

ಅಲ್ಲಿ ಹೋದ ಕೂಡಲೆ ಫೋನ್ ಕಸಗೊಂಡು ಕಲ್ಲಿಗೆ ಬಡೀತಾರ ಅಂತ ನೀವು ತಿಳಕೊಂಡಿದ್ರ (ಮನಸ್ಸಿನ್ಯಾಗ ಅದ ಐತಿ, ನನಗ ಗೊತ್ತು) ನಿರಾಶಾ ಆಗ್ತೀರಿ. ಅವರದು ಫೋನಿನಂಥಾ ತಂತ್ರಜ್ಞಾನಾನ ಆರೋಗ್ಯದಿಂದ ಬಳಸೂದನ್ನ ಕಲಸೂ ಸೇವಾ. ನಿದ್ದಿ ಹೆಂಗೈತಿ, ಯಾರ ಜೋಡಿ ಉಣ್ತಾನ, ಆಟಕ್ಕಿಂತ ಮೊದಲ ಏನಾಗಿತ್ತು, ಇದನ್ನೆಲ್ಲಾ ಕೆದರಿ ನೋಡಬೇಕಾಗತೈತಿ. ಯಾಕಂದ್ರ ಭಾಳ ಸಲ ಗೇಮಿನ ಕೆಳಗ ಬ್ಯಾರೆ ಏನೋ ಇರತೈತಿ. ಖಿನ್ನತೆ, ಅಂಜಿಕಿ, ಸಾಲ್ಯಾಗ ಚುಡಾಯಿಸೂದು, ಮನ್ಯಾಗಿನ ಜಗಳಾ. ಗೇಮಿನಿಂದ ಮಂಕಾದ್ನೋ, ಮಂಕಾಗಿದ್ದಕ್ಕ ಗೇಮ್ ಹಿಡದ್ನೋ ಅನ್ನೂದನ್ನ ಪಡಸಾಲ್ಯಾಗ ನಿಂತು ಬೆನ್ನು ನೋಡಿದ್ರ ತಿಳಿಯಂಗಿಲ್ಲ.

ಬೆಂಗಳೂರು ದೂರ ಅಂತೀರಿ, ಹೌದು. ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಸನೇಕ ಐತಿ. ಅದಕ್ಕೂ ಬಸ್ ಹತ್ತಾಕ ನಾಚಿಕಿ ಬಂದ್ರ (ಯಾರರ ನೋಡಿದ್ರ ಏನಂದಾರು ಅಂತ. ಎಲ್ಲಿಗೆ ಹೊಂಟ್ರಿ ಅಂದ್ರ ಲಿಲಾವು ಅನ್ನಾವ್ರು ನೀವು, ಹೆಂಗೂ ರೂಢಿ ಐತಿ) 14416 ಕ್ಕ ಫೋನ್ ಹಚ್ಚರಿ. ಟೆಲಿ ಮಾನಸ್ ಅಂತ, 2022 ರ ಅಕ್ಟೋಬರ್ 10 ರಿಂದ ನಡದೈತಿ. ಪುಕ್ಕಟೆ, ಹಗಲೂ ರಾತ್ರಿ, ಕನ್ನಡದಾಗ ಮಾತಾಡ್ತಾರ.

ಹಚ್ಚಿ ನೋಡ್ರಿ ಬೇಕಾದ್ರ. "ದಿನಾ ನಾಕ ತಾಸು ಆಡ್ತಾನ್ರಿ" ಅಂತ ನೀವು ಸುರು ಮಾಡ್ತೀರಿ. ಎಷ್ಟೊತ್ತಿಗೆ ಮಲಗ್ತಾನ? ಗೊತ್ತಿಲ್ರಿ, ನಾ ಮೊದಲ ಮಲಗಿರ್ತೀನಿ. (ಸುಳ್ಳು. ಟ್ರ್ಯಾಕ್ಟರ್ ನೋಡತಿರ್ತೀರಿ.) ದೋಸ್ತರು ಯಾರು? ಯಾರೋ ಅದಾರ್ರಿ. ಮೊದಲಿಂದ ಹಿಂಗ ಇದ್ದನೋ, ನಡುವ ಏನರ ಆತೋ? ಅವ ಏನೂ ಹೇಳಂಗಿಲ್ರಿ. ಯಾವ ಗೇಮ್ ಆಡ್ತಾನ? ಅದೇನೋ ಢಂ ಢಂ ಅಂತೈತ್ರಿ. ಅತ್ತಕಡೆಯವರು ತಾಳ್ಮಿ ಮಂದಿ, ಎಲ್ಲಾ ಕೇಳಸಿಕೋತಾರ. ಕಡೀಕ ಒಂದ ಮಾತು ಅಂತಾರ: "ಒಂದು ಸ್ವಲ್ಪ ಮಗನ ಕೈಯಲ್ಲಿ ಫೋನ್ ಕೊಡ್ತೀರಾ?"